ಊರಿನ ಮಾಣಿ ಬರುವುದಿಲ್ಲ, ನೇಪಾಳದ ಹುಡುಗ ಉಳಿಯುತ್ತಾನೆಯೇ?

ಪುಣೆಯಲ್ಲಿ ನಮ್ಮ ಹೋಟೆಲು ಮಾಲಕರು ನಾಲ್ವರು ಒಂದೆಡೆ ಸೇರಿದರೆ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಕೆಲಸಕ್ಕೆ ಜನ ಇಲ್ಲ ಮಾರಾಯ್ರೆ." ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬರುತ್ತಿದ್ದ ಹುಡುಗರು ಈಗ ಅಪರೂಪ. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರಿನಿಂದ ಇದೆ. ಊರಿನ ಮಕ್ಕಳು ಓದುತ್ತಿದ್ದಾರೆ, ಓದಿದವರು ಬೆಂಗಳೂರು, ದುಬೈ, ದೋಹಾ ಎಂದು ಹೊರಡುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಬೆಳಗಿನ ಇಡ್ಲಿ ಇಡುವವರು ಯಾರು?

ಇಂದು ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ದೋಸೆ ಹುಯ್ಯುವವನು ನೇಪಾಳದವನು. ಅವನು ವಿದೇಶಿ ಪ್ರಜೆಯಾದರೂ ವೀಸಾ ಬೇಕಿಲ್ಲ. 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಒಪ್ಪಂದದ ಬಲದಿಂದ ಅವನು ಇಲ್ಲಿ ವಾಸಿಸಬಹುದು, ದುಡಿಯಬಹುದು. ಭವಿಷ್ಯನಿಧಿಯ ಲೆಕ್ಕದಲ್ಲೂ ಅವನನ್ನು ಭಾರತೀಯ ನೌಕರನಂತೆಯೇ ನೋಡಲಾಗುತ್ತದೆ. 20 ಅಥವಾ ಹೆಚ್ಚು ಜನರಿರುವ ಹೋಟೆಲಿನಲ್ಲಿ ಪಿ.ಎಫ್., 10 ಅಥವಾ ಹೆಚ್ಚು ಜನರಿದ್ದರೆ ಇ.ಎಸ್.ಐ. ಎಂಬ ನಿಯಮ ಅವನಿಗೂ ಅನ್ವಯ. "ನೇಪಾಳಿ ತಾನೇ, ಹೆಸರು ಬರೆಯಬೇಕಿಲ್ಲ" ಎನ್ನುವುದು ತಪ್ಪು ಕಲ್ಪನೆ. ಆದರೆ ಈ ಸವಲತ್ತು ಎಲ್ಲ ವಿದೇಶಿಯರಿಗೂ ಇಲ್ಲ. ನೇಪಾಳ, ಭೂತಾನ ಬಿಟ್ಟು ಬೇರೆ ದೇಶದವರಿಗೆ ಉದ್ಯೋಗ ವೀಸಾ ಬೇಕು, ಸಾಮಾನ್ಯ ಕೆಲಸಗಳಿಗೆ ಅದು ಸಿಗುವುದಿಲ್ಲ. ಆದುದರಿಂದ ಕೆಲಸಕ್ಕೆ ಸೇರಿಸಿಕೊಳ್ಳುವಾಗ ನಾಗರಿಕತಾ ಪ್ರಮಾಣಪತ್ರವನ್ನೋ ಪಾಸ್‌ಪೋರ್ಟನ್ನೋ ನೋಡಿ, ಪ್ರತಿ ಇಟ್ಟುಕೊಳ್ಳಿ. ಮೂಲಪತ್ರ ಅವನ ಬಳಿಯೇ ಇರಲಿ.

ಅವನಿಗೂ ಬೇರೆ ದಾರಿಗಳಿವೆ ಎಂಬುದನ್ನು ನಾವು ಮರೆಯಬಾರದು. ಗಲ್ಫ್, ಮಲೇಶಿಯಾ, ಕೊರಿಯಾಗಳಿಗೆ ಹೋಗಬೇಕಾದರೆ ಅವನಿಗೆ ತನ್ನ ಸರಕಾರದ ಶ್ರಮ ಪರವಾನಗಿ ಬೇಕು, ಕೈಯಲ್ಲಿ ಹಣವೂ ಬೇಕು. ಭಾರತಕ್ಕಾದರೆ ಬಸ್ಸಿನ ಚಾರ್ಜು ಸಾಕು. ಹಾಗಾಗಿ ಪುಣೆ ಹಲವರಿಗೆ ಮೊದಲ ಮೆಟ್ಟಿಲು ಮಾತ್ರ. ಇಲ್ಲೇ ಉಳಿದರೂ ಹಿಂಜವಡಿಯ ಕ್ಯಾಂಟೀನು, ಮಾಲ್‌ಗಳ ಫುಡ್‌ಕೋರ್ಟು ಅವನನ್ನು ಕರೆಯುತ್ತಿರುತ್ತವೆ.

ಕೇವಲ ಐನೂರು ರೂಪಾಯಿ ಹೆಚ್ಚು ಕೊಟ್ಟು ಇವನನ್ನು ಹಿಡಿದಿಡಲಾಗದು. ನಮ್ಮ ಹಿರಿಯರು ಈ ಊರಿನಲ್ಲಿ ನಿಂತದ್ದು ಹೇಗೆ? ಟೇಬಲು ಒರೆಸಿದವನು ಸಪ್ಲೈಯರ್ ಆದ, ಗಲ್ಲಾದಲ್ಲಿ ಕೂತ, ಪಾಲುದಾರನಾದ, ಕೊನೆಗೆ ಮಾಲಕನಾದ. 2023ರಲ್ಲಿ ನಮ್ಮನ್ನಗಲಿದ ವೈಶಾಲಿ, ರೂಪಾಲಿಯ ಜಗನ್ನಾಥ ಶೆಟ್ಟರೂ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಬಂದವರು. ಅಂದಿನ ದುಡಿಮೆ ಕಷ್ಟದ್ದೇ, ಆದರೆ ಮೇಲಿನ ಮೆಟ್ಟಿಲು ಕಣ್ಣಿಗೆ ಕಾಣುತ್ತಿತ್ತು. ಮುಂಬಯಿಯಲ್ಲಿ ಹಗಲು ದುಡಿದವರಿಗಾಗಿ ಕನ್ನಡ ರಾತ್ರಿ ಶಾಲೆಗಳೂ ಇದ್ದವು.

ಆ ಮೆಟ್ಟಿಲನ್ನು ಇಂದಿನ ಹುಡುಗನಿಗೂ ತೋರಿಸಬೇಕು. ಸಂಬಳ ಬ್ಯಾಂಕಿಗೆ ಹೋಗಲಿ. ವಾರದ ರಜೆ ತಪ್ಪದಿರಲಿ. ಮಲಗುವ ಕೋಣೆಯಲ್ಲಿ ಗಾಳಿ, ನೀರು ಇರಲಿ. ವರುಷಕ್ಕೊಮ್ಮೆ ಊರಿಗೆ ಹೋಗುವ ರಜೆ ಮೊದಲೇ ನಿಗದಿಯಾಗಲಿ. ದೋಸೆ ಕಲಿತವನಿಗೆ ಸಾಂಬಾರಿನ ಹದವನ್ನೂ ಸ್ಟೋರಿನ ಲೆಕ್ಕವನ್ನೂ ಕಲಿಸೋಣ. "ಕಲಿಸಿದರೆ ಬಿಟ್ಟು ಹೋಗುತ್ತಾನೆ" ಎಂಬ ಭಯ ಸಹಜ. ಹೋದರೂ ಅವನೇ ತನ್ನ ಊರಿನ ಇನ್ನಿಬ್ಬರಿಗೆ ನಮ್ಮ ವಿಳಾಸ ಹೇಳುತ್ತಾನೆ.

2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಊರು ಸೇರಿದಾಗ ಅಡುಗೆಮನೆಗಳು ಹೇಗೆ ಬರಿದಾದವೆಂದು ನಾವೆಲ್ಲ ಬಲ್ಲೆವು. ಒಲೆ, ಪಾತ್ರೆ, ಪರವಾನಗಿ ಎಲ್ಲವೂ ಇದ್ದವು, ಕೈಗಳು ಇರಲಿಲ್ಲ. ಮುಂದಿನ ಹಬ್ಬದ ಸೀಸನ್ನಿಗೆ ಮುಂಚೆ ಪ್ರತಿಯೊಬ್ಬ ಮಾಲಕರೂ ತಮ್ಮ ಹಾಜರಿ ಪುಸ್ತಕ ತೆರೆದು, ಅದರಲ್ಲಿ ಹೆಸರಿಲ್ಲದೆ ದುಡಿಯುತ್ತಿರುವವರು ಎಷ್ಟು ಮಂದಿ ಎಂದು ನೋಡಿಕೊಳ್ಳಲಿ.