ಲಾರಿ ಆಫೀಸಿನ ಚೀಟಿ ಮೊಬೈಲಿಗೆ ಬಂದಾಗ

ತಿಪಟೂರಿನಲ್ಲಿ ಲಾರಿ ಆಫೀಸು ನಡೆಸುವ ನನ್ನ ಸೋದರಮಾವನ ಮೇಜಿನ ಮೇಲೆ ಬಹಳ ವರ್ಷ ಒಂದು ಕಬ್ಬಿಣದ ಮೊಳೆ ನೆಟ್ಟಗೆ ನಿಂತಿತ್ತು. ಮರದ ತುಂಡಿಗೆ ಹೊಡೆದ ಆ ಮೊಳೆಗೆ ದಿನವಿಡೀ ಚೀಟಿಗಳು ಚುಚ್ಚಿಕೊಳ್ಳುತ್ತಿದ್ದವು. ಬೀಡಿ ಕಟ್ಟಿನ ಕಾಗದ, ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಾಳೆ, ಹೀಗೆ ಕೈಗೆ ಸಿಕ್ಕಿದ್ದರ ಮೇಲೆ ಲಾರಿ ನಂಬರು, ಬಾಡಿಗೆ, ಡ್ರೈವರನ ಹೆಸರು. ರಾತ್ರಿ ಒಂಬತ್ತಕ್ಕೆ ಮಾವ ಅವನ್ನು ಒಂದೊಂದಾಗಿ ಕಿತ್ತು ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಇಳಿಸದೆ ಉಳಿದ ಚೀಟಿ ಎಂದರೆ ಮರುದಿನದ ಜಗಳ.

ಈಗ ಆ ಮೊಳೆ ಇಲ್ಲ. ಬಿ.ಕಾಂ. ಓದುವ ಮಗಳು ರಜೆಯಲ್ಲಿ ಆಫೀಸಿಗೆ ಬಂದು ಕೂತವಳು ಅದನ್ನು ಮೂಲೆಗೆ ಸೇರಿಸಿದಳು. ಅವಳ ಚೀಟಿಗಳೆಲ್ಲ ಮೊಬೈಲಿನಲ್ಲಿ. ಮಗು ಫೋನು ಹಿಡಿಯಿತು ಎಂದೊಡನೆ ಹುಬ್ಬು ಗಂಟಿಕ್ಕುವ ತಂದೆತಾಯಿಗಳಲ್ಲಿ ಮಾವನೂ ಒಬ್ಬರಾಗಿದ್ದರು. ಅವರು ಮೆತ್ತಗಾದದ್ದು ಹೇಗೆಂದು ಹೇಳುವ ಮುನ್ನ ಈ ಕಸುಬಿನ ಬಗ್ಗೆ ಎರಡು ಮಾತು.

ಖಾಲಿ ಲಾರಿಗೆ ಲೋಡು, ಲೋಡಿಗೆ ಲಾರಿ ಹುಡುಕಿಕೊಡುವುದು ಬ್ರೋಕರನ ಕೆಲಸ. ಕೊಬ್ಬರಿ ವ್ಯಾಪಾರಿಗೆ ದೆಹಲಿಗೆ ಮಾಲು ಕಳಿಸಬೇಕು. ಉತ್ತರದಿಂದ ಏನನ್ನೋ ಹೇರಿಕೊಂಡು ಬಂದ ಲಾರಿಗೆ ಖಾಲಿ ಹಿಂದಿರುಗಲು ಇಷ್ಟವಿಲ್ಲ. ಇಬ್ಬರನ್ನೂ ಕೂಡಿಸಿ ಕಮಿಷನ್ ತೆಗೆದುಕೊಳ್ಳುವವನು ನಡುವಿನವನು. ಮಾಲು ಸಂಗ್ರಹಿಸಿ ರವಾನಿಸುವ ಏಜೆಂಟರಿಗೆ ಲೈಸೆನ್ಸ್ ಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 93ನೇ ಕಲಮು ಹೇಳುತ್ತದೆ, ನಿಜ. ಆದರೆ ಬ್ರೋಕರನ ಬಳಿ ಸ್ವಂತ ಲಾರಿ ಇರಬೇಕಿಲ್ಲ, ಮಾಲೂ ಇರಬೇಕಿಲ್ಲ. ಅವನ ಬಂಡವಾಳವೆಲ್ಲ ಮಾತು. ಆ ಮಾತಿನ ಬಹುಪಾಲು ನಡೆಯುವುದು ಫೋನಿನಲ್ಲಿ.

ಮಾತಿನಲ್ಲಿ ಎಷ್ಟು ಹಣ ಅಡಗಿದೆ ನೋಡಿ. ಬಾಡಿಗೆಯನ್ನು ಕೆಲವೊಮ್ಮೆ ಇಡೀ ಗಾಡಿಗೆ, ಕೆಲವೊಮ್ಮೆ ಟನ್ನಿಗೆ ಇಷ್ಟೆಂದು ಕುದುರಿಸುತ್ತಾರೆ. 20 ಟನ್ ಮಾಲಿಗೆ ಒಬ್ಬ ‘ಐದೂವರೆ’ ಎಂದ, ಇನ್ನೊಬ್ಬ ‘ಐದೂಕಾಲು’ ಎಂದು ಕೇಳಿಸಿಕೊಂಡ ಎನ್ನಿ. ಟನ್ನಿಗೆ 5,500 ಮತ್ತು 5,250ರ ನಡುವಿನ ಅಂತರ 250 ರೂಪಾಯಿ. ಇಡೀ ಲೋಡಿಗೆ 5,000! ಬ್ರೋಕರನ ಕಮಿಷನ್ ಅಷ್ಟಿರದೆಯೂ ಹೋಗಬಹುದು. ಇಷ್ಟೇ ಅಲ್ಲ, ಹಮಾಲಿ ಯಾರದು, ಅಡ್ವಾನ್ಸ್ ಎಷ್ಟು, ಬಾಕಿ ಕೊಡುವವರು ಕಳಿಸುವವರೋ ಇಳಿಸಿಕೊಳ್ಳುವವರೋ, ಗಾಡಿ ಕಾದು ನಿಂತರೆ ಹಾಲ್ಟಿಂಗ್ ಎಷ್ಟನೆಯ ದಿನದಿಂದ, ಇವೆಲ್ಲ ಒಂದೇ ಕರೆಯಲ್ಲಿ ಗಡಿಬಿಡಿಯಿಂದ ತೀರ್ಮಾನವಾಗುವ ಸಂಗತಿಗಳು. ಸಂಜೆ ಬರೆಯೋಣವೆಂದರೆ ಅಷ್ಟರೊಳಗೆ ಇನ್ನೂ ಐವತ್ತು ಕರೆ ಬಂದಿರುತ್ತವೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯ ಸುಖರಾಂ ಅವರೊಡನೆ ಮಾತನಾಡಿದರು. ಅಲ್ಲಿಯವರೆಗೆ ಲಾರಿ ಡ್ರೈವರ್ ದಾರಿಯಲ್ಲಿ ಎಸ್‌.ಟಿ.ಡಿ. ಬೂತ್ ಸಿಕ್ಕಾಗ ಮಾತ್ರ ಮಾತಿಗೆ ಸಿಗುತ್ತಿದ್ದ. ಬ್ರೋಕರನೂ ಮೇಜು ಬಿಟ್ಟು ಏಳುತ್ತಿರಲಿಲ್ಲ, ಹಾಗಾಗಿ ಖಾತೆ ಪುಸ್ತಕ ಸಾಕಾಗುತ್ತಿತ್ತು. ಮೊಬೈಲ್ ಬಂದ ಮೇಲೆ ವ್ಯವಹಾರ ಮೇಜಿನಿಂದ ಎದ್ದು ಸಂತೆಗೆ, ಮದುವೆ ಮನೆಗೆ, ಬಸ್ಸಿಗೆ ನಡೆಯಿತು. ಪುಸ್ತಕ ಮಾತ್ರ ಮೇಜಿನ ಮೇಲೇ ಉಳಿಯಿತು.

ಮಾವನಿಗೆ ಪೆಟ್ಟು ಬಿದ್ದದ್ದು ಈ ಸಂದಿನಲ್ಲೇ. 2019ರಲ್ಲಿ ಚಿತ್ರದುರ್ಗದ ಕಡೆಯ ಒಬ್ಬರ ಲಾರಿಯನ್ನು ದೆಹಲಿಗೆ ಕಳಿಸಿದ್ದರು. ಅವರಿಗೆ ಇದ್ದದ್ದು ಅದೊಂದೇ ಗಾಡಿ, ಅದರ ಮೇಲೂ ಸಾಲ, ಡ್ರೈವರೂ ಅವರೇ. ಶನಿವಾರ ಸಂಜೆ ಗೋದಾಮಿನ ಗೇಟಿಗೆ ಬಂದು, “ಅಣ್ಣ, ಮುಟ್ಟಿದೀನಿ” ಎಂದು ಫೋನು ಮಾಡಿದರು. ಮಾವ ಆಗ ಹಾಸನದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿದ್ದರು. “ಆಯ್ತಪ್ಪ” ಎಂದು ಫೋನಿಟ್ಟು ಪಾಯಸದ ಕಡೆ ತಿರುಗಿದರು. ಮಾಲು ಇಳಿದದ್ದು ಮಂಗಳವಾರ. ಗೋದಾಮಿನವರು ಗಾಡಿ ಬಂದದ್ದೇ ಸೋಮವಾರ ಮಧ್ಯಾಹ್ನ ಎಂದು ಸಾಧಿಸಿ ಹಾಲ್ಟಿಂಗ್ ಕೊಡಲಿಲ್ಲ.

ಮಾವ ಫೋನು ತೆರೆದು ತೋರಿಸಿದರು. ಶನಿವಾರ ಸಂಜೆ 5.40ಕ್ಕೆ ಬಂದ ಕರೆ ಅದರಲ್ಲಿ ಇತ್ತು. “ಕರೆ ಬಂದಿರಬಹುದು. ಪಲ್ವಲ್‌ನಲ್ಲಿ ನಿಂತು ಮಾಡಿರಬಹುದಲ್ಲ?” ಎಂದರಂತೆ ಆ ಕಡೆಯವರು. ಕರೆ ಬಂತೆಂದು ಫೋನು ಹೇಳುತ್ತದೆ. ಕರೆಯಲ್ಲಿ ಏನು ಹೇಳಿದರೆಂದು ಹೇಳುವುದಿಲ್ಲ. ಕೊನೆಗೆ ಮಾವ ಅರ್ಧ ಹಣವನ್ನು ಕೈಯಿಂದ ಕೊಟ್ಟರು, ಉಳಿದರ್ಧ ಲಾರಿಯವರಿಗೆ ಮುಳುಗಿತು. ಅವರು ಆಮೇಲೆ ಮಾವನ ಆಫೀಸಿಗೆ ಬರಲಿಲ್ಲ.

ಮಗಳು ಮಾಡಿದ ಬದಲಾವಣೆ ಸಣ್ಣದು. ಕಾಸು ಕೊಟ್ಟು ಯಾವ ಆ್ಯಪನ್ನೂ ತರಲಿಲ್ಲ. ಫೋನಿನ ಜೊತೆಗೇ ಬರುವ ನೋಟ್ಸಿನಲ್ಲಿ ಲೋಡಿಗೊಂದು ಪುಟ ತೆರೆದಳು. ತಲೆಬರಹ ಲಾರಿಯ ನಂಬರು, ಏಕೆಂದರೆ ಆಮೇಲೆ ಹುಡುಕುವುದು ಅದರಿಂದಲೇ. ಕರೆ ಮುಗಿದ ಕೂಡಲೇ ತೀರ್ಮಾನವಾದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಅದೇ ಸಾಲುಗಳನ್ನು ವ್ಯಾಪಾರಿಗೂ ಡ್ರೈವರನಿಗೂ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಗಾಡಿ ಮುಟ್ಟಿದಾಗ ಗೇಟಿನ ಫೋಟೋ ತರಿಸಿಕೊಂಡು ಅದನ್ನೂ ಕಳಿಸುತ್ತಾಳೆ. ನನಗೆ ಮುಖ್ಯವೆನಿಸಿದ್ದು ಹೀಗೆ ಕಳಿಸುವುದು. ನಮ್ಮ ಫೋನಿನಲ್ಲೇ ಉಳಿದ ಟಿಪ್ಪಣಿ ನಮ್ಮ ಮಾತು ಮಾತ್ರ. ಎದುರಿನವರ ಕೈಗೂ ಹೋಗಿ, ಅವರು ಆ ಹೊತ್ತಿನಲ್ಲೇ ತಕರಾರು ತೆಗೆಯದ ಟಿಪ್ಪಣಿಯನ್ನು ಹತ್ತು ದಿನದ ಮೇಲೆ ಅಲ್ಲಗಳೆಯುವುದು ಕಷ್ಟ.

ಲಾರಿ ನಂಬರಿನ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ. ಹಿಂದಿಯವರು 59ಕ್ಕೆ ‘ಉನ್‌ಸಠ್’, 69ಕ್ಕೆ ‘ಉನ್‌ಹತ್ತರ್’, 79ಕ್ಕೆ ‘ಉನ್ಯಾಸಿ’, 89ಕ್ಕೆ ‘ನವಾಸಿ’ ಎನ್ನುತ್ತಾರೆ. ಇಂಜಿನ್ನಿನ ಸದ್ದಿನ ನಡುವೆ ಇದನ್ನು ಕೇಳಿಸಿಕೊಂಡ ಕನ್ನಡದ ಕಿವಿ ಏನು ಮಾಡಬೇಕು? ಹುಡುಗಿ ಒಂದೊಂದೇ ಅಂಕಿಯನ್ನು ಬರೆದು, “ಪಾಂಚ್, ನೌ... ಠೀಕ್ ಹೈ ಭಯ್ಯಾ?” ಎಂದು ತಿರುಗಿ ಓದಿ ಹೇಳುತ್ತಾಳೆ. ಪಾಠ ಕೇಳುತ್ತ ಬರೆದುಕೊಳ್ಳುವ ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು. ಫೋನಿನಲ್ಲಿ ಯಾರಾದರೂ ಹೇಳಿದ ವಿಳಾಸವನ್ನು ತಿರುಗಿ ಓದಿ ಹೇಳಿ, ಎಷ್ಟು ತಪ್ಪು ಹೊರಬೀಳುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ನಂಬರು ತಪ್ಪಿದರೆ ಇಂದು ತಾಪತ್ರಯ ದೊಡ್ಡದು. 2018ರ ಏಪ್ರಿಲಿನಿಂದ, 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಮಾಲು ರಾಜ್ಯದ ಗಡಿ ದಾಟಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಅದರ ಎರಡನೆಯ ಭಾಗದಲ್ಲಿ ಲಾರಿಯ ನಂಬರು ಇರುತ್ತದೆ. ಒಂದೆರಡು ಅಂಕಿ ತಪ್ಪಿದ ಮಾತ್ರಕ್ಕೆ ಗಾಡಿ, ಮಾಲು ಹಿಡಿದಿಡದೆ ಸಣ್ಣ ದಂಡ ಹಾಕಿ ಬಿಡಬೇಕೆಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುತ್ತೋಲೆ ಬಂತು. ಆದರೆ ರಾತ್ರಿ ಎರಡು ಗಂಟೆಗೆ ರಸ್ತೆ ಬದಿಯಲ್ಲಿ ಸುತ್ತೋಲೆ ಓದಿ ಹೇಳುವವರು ಯಾರು? ಬಿಲ್ಲಿಗೆ ಅವಧಿಯೂ ಉಂಟು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ದೆಹಲಿಗೆ 2,100 ಕಿ.ಮೀ. ಎಂದಿಟ್ಟುಕೊಂಡರೆ 11 ದಿನ. ನಡುವೆ ಗೇರ್ ಬಾಕ್ಸ್ ಕೈಕೊಟ್ಟು ತಡವಾದರೆ, ಅವಧಿ ಮುಗಿಯುವ ಹಿಂದಿನ ಅಥವಾ ಮುಂದಿನ ಎಂಟು ಗಂಟೆಗಳೊಳಗೆ ವಿಸ್ತರಿಸಿಕೊಳ್ಳಬೇಕು. ಇಲ್ಲಿ ಕೆಂಪು ಪುಸ್ತಕ ಸೋಲುತ್ತದೆ, ಅದು ಅಲಾರಂ ಹೊಡೆಯುವುದಿಲ್ಲ.

ಮಾಲು ಕೆಟ್ಟರೆ ಅಥವಾ ಕಳೆದರೆ ದಿನಾಂಕವೂ ಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಸಾಗಣೆದಾರರ ಮೇಲೆ ದಾವೆ ಹೂಡುವವರು ಬುಕಿಂಗ್ ಆದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಎಲ್‌.ಆರ್. ಕೈಗೆ ಬಂದೊಡನೆ ಫೋಟೋ ತೆಗೆದು ಆ ಲೋಡಿನ ಪುಟಕ್ಕೇ ಅಂಟಿಸುವುದು ಇದಕ್ಕಾಗಿ. ಮೊಬೈಲಿನ ದಾಖಲೆಯನ್ನು ಕೋರ್ಟು ಒಪ್ಪುತ್ತದೆಯೇ ಎಂದು ಮಾವ ಕೇಳಿದರು. ಒಪ್ಪುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಗೊತ್ತುಪಡಿಸಿದ ಪ್ರಮಾಣಪತ್ರ ಜೊತೆಗಿರಬೇಕು, ಬರಿದೇ ಫೋನು ಎತ್ತಿ ತೋರಿಸಿದರೆ ಆಗದು.

ಕುಂದು ಇಲ್ಲವೆಂದಲ್ಲ. ಬಾಯಲ್ಲಿ ಹೇಳಿದರೆ ಫೋನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ಆದರೆ ಲಾರಿ ಸ್ಟ್ಯಾಂಡಿನ ಗದ್ದಲದಲ್ಲಿ ಅದು ಬರೆದದ್ದನ್ನು ಓದಿದರೆ ನಗು ಬರುತ್ತದೆ. ಫೋನು ಕಳೆದರೆ ಖಾತೆಯೂ ಹೋದಂತೆ, ಆದ್ದರಿಂದ ಇನ್ನೊಂದು ಕಡೆ ನಕಲು ಇರಲೇಬೇಕು. ಡ್ರೈವರುಗಳ ಲೈಸೆನ್ಸು, ಪ್ಯಾನ್ ಕಾರ್ಡಿನ ಫೋಟೋಗಳು ಮನೆಮಂದಿಯ ಫೋಟೋಗಳ ನಡುವೆ ಬಿದ್ದಿರುವುದು ನನಗೆ ಸರಿ ಕಾಣಲಿಲ್ಲ, ಹೇಳಿದೆ. ಗಾಡಿ ಓಡಿಸುತ್ತಿರುವ ಡ್ರೈವರನಿಂದ ಉತ್ತರ ಕೇಳುವುದಂತೂ ಅಪಾಯ. ಹುಡುಗಿ ಈಗ “ಗಾಡಿ ಸೈಡಿಗೆ ಹಾಕಿ ಹೇಳಿ ಅಣ್ಣ” ಎಂದೇ ಮಾತು ಶುರುಮಾಡುತ್ತಾಳೆ.

ಮಾವನಿಗೆ ಮಾತ್ರ ಟೈಪು ಮಾಡುವುದು ಇನ್ನೂ ಒಗ್ಗಿಲ್ಲ. ಕಿವಿಯ ಮೇಲೆ ಪೆನ್ಸಿಲು ಹಾಗೇ ಇದೆ. ಕರೆ ಬಂದರೆ ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿ, ಅದರ ಫೋಟೋ ತೆಗೆದು ಮಗಳಿಗೆ ಕಳಿಸುತ್ತಾರೆ. ಎರಡೇ ನಿಮಿಷದಲ್ಲಿ ಅವಳ ಫೋನು ಬರುತ್ತದೆ: “ಅಪ್ಪಾ, ಇದು ಏಳೋ ಒಂದೋ?”