ತಿಳಿಯದ ಇತಿಹಾಸವನ್ನೇ ಆರಿಸಿಕೊಂಡ ಗುರು: ವಂ. ಹೆನ್ರಿ ಹೆರಾಸ್

ಶಾಲೆ, ಆಸ್ಪತ್ರೆಗಳನ್ನು ಕಟ್ಟಿದ ಮಿಷನರಿಗಳನ್ನು ನಾವು ಆಗಾಗ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ನಮ್ಮ ದೇಶದ ಗತಕಾಲವನ್ನು ಅರಸುವುದರಲ್ಲಿಯೇ ಬಾಳನ್ನು ಸವೆಸಿದ ಯೇಸುಸಭೆಯ ಗುರು ಹೆನ್ರಿ ಹೆರಾಸರನ್ನು ಬಲ್ಲವರು ನಮ್ಮಲ್ಲಿ ವಿರಳ.

1888ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜನಿಸಿದ ಹೆರಾಸರು 1922ರಲ್ಲಿ ಮುಂಬಯಿಗೆ ಬಂದು, ಸಂತ ಝೇವಿಯರ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾದರು. ಯಾವ ಇತಿಹಾಸವನ್ನು ಬೋಧಿಸುವಿರೆಂದು ಪ್ರಾಂಶುಪಾಲರು ವಿಚಾರಿಸಿದಾಗ, ಭಾರತದ ಇತಿಹಾಸವನ್ನೇ ಆರಿಸಿದರಂತೆ. ಅದರ ಬಗ್ಗೆ ತಮಗೇನೂ ತಿಳಿಯದೆಂದೂ ಅಭ್ಯಾಸ ಮಾಡಿ ಕಲಿಯುವೆನೆಂದೂ ಮುಚ್ಚುಮರೆಯಿಲ್ಲದೆ ಹೇಳಿದರಂತೆ.

ಆ ಮಾತನ್ನು ಅವರು ನಡೆಸಿಕೊಟ್ಟರು. 1926ರಲ್ಲಿ ಅದೇ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ ವಿಜಯನಗರದ ಅರವೀಡು ವಂಶವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. 1565ರ ಯುದ್ಧದೊಂದಿಗೆ ಸಾಮ್ರಾಜ್ಯದ ಕಥೆ ಮುಗಿಯಿತೆಂಬ ಭಾವನೆಗೆ ಉತ್ತರವಾಗಿ, ಆನಂತರದ ಅರಸರ ಚರಿತ್ರೆಯನ್ನು ಅವರು ಶಾಸನಗಳ ಹಾಗೂ ಯೇಸುಸಭೆಯ ಗುರುಗಳ ಪತ್ರಗಳ ಆಧಾರದಿಂದ ನಿರೂಪಿಸಿದರು. ಬನವಾಸಿಯ ಕದಂಬರನ್ನು ಕುರಿತು 1931ರಲ್ಲಿ 'ಕದಂಬ ಕುಲ'ವನ್ನು ಪ್ರಕಟಿಸಿದ ಜಾರ್ಜ್ ಮೊರಾಯಸ್ ಈ ಸಂಸ್ಥೆಯಲ್ಲಿಯೇ ಪಳಗಿದ ವಿದ್ವಾಂಸರು. ಹೀಗೆ ಕನ್ನಡ ನಾಡಿನ ಋಣವೂ ಹೆರಾಸರ ಮೇಲಿದೆ ಎನ್ನುವುದಕ್ಕಿಂತ, ಹೆರಾಸರ ಋಣ ನಮ್ಮ ಮೇಲಿದೆ ಎನ್ನುವುದೇ ಸರಿ.

ಮುಂದೆ ಅವರನ್ನು ಸೆಳೆದದ್ದು ಸಿಂಧೂ ಕಣಿವೆಯ ಲಿಪಿ. ಅದರ ಭಾಷೆ ದ್ರಾವಿಡ ಮೂಲದ್ದೆಂದು ಅವರು ನಂಬಿದರು. ಮುದ್ರೆಗಳಲ್ಲಿನ ಮೀನಿನ ಚಿಹ್ನೆ ನಕ್ಷತ್ರವನ್ನೂ ಸೂಚಿಸಬಹುದೆಂದರು. ತಮಿಳಿನಲ್ಲಿ 'ಮೀನ್' ಎಂದರೆ ಎರಡೂ ಹೌದು. ನಮ್ಮ 'ಮಿನುಗು' ಎಂಬ ಮಾತನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. 1953ರಲ್ಲಿ ಈ ವಿಚಾರಗಳೆಲ್ಲ ಬೃಹತ್ ಗ್ರಂಥವಾಗಿ ಹೊರಬಂದವು.

ಅವರು ಮಾಡಿದ ಓದುಗಳನ್ನು ವಿದ್ವಾಂಸರು ಒಪ್ಪಲಿಲ್ಲ; ಲಿಪಿ ಇಂದಿಗೂ ರಹಸ್ಯವಾಗಿಯೇ ಉಳಿದಿದೆ. ಆದರೂ ಮೀನಿನ ಆ ಸೂಚನೆಯನ್ನು ಫಿನ್ಲೆಂಡಿನ ಆಸ್ಕೋ ಪಾರ್ಪೋಲಾ ಅವರಂಥ ಪಂಡಿತರು ಮುಂದುವರಿಸಿದರು. ವಿದ್ವತ್ತಿನ ಹೊಲದಲ್ಲಿ ಬಿತ್ತಿದ್ದೆಲ್ಲವೂ ಬೆಳೆಯದು. ಆದರೆ ಒಂದು ಕಾಳು ಮೊಳೆತರೂ ದುಡಿಮೆ ವ್ಯರ್ಥವಲ್ಲ.

1955ರ ಡಿಸೆಂಬರ್‌ನಲ್ಲಿ ಹೆರಾಸರು ಮುಂಬಯಿಯಲ್ಲಿಯೇ ನಿಧನರಾದರು. ಅವರು ಕಟ್ಟಿದ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. 1981ರಲ್ಲಿ ಭಾರತ ಸರಕಾರ ಅವರ ನೆನಪಿಗೆ ಅಂಚೆ ಚೀಟಿಯನ್ನು ಹೊರತಂದಿತು. ತನಗೆ ತಿಳಿಯದೆಂದು ಹೇಳುವ ಧೈರ್ಯ ಮತ್ತು ತಿಳಿಯುವವರೆಗೆ ಬಿಡದ ಛಲ, ಇವೆರಡನ್ನೂ ನಮ್ಮ ಯುವ ವಿದ್ಯಾರ್ಥಿಗಳು ಅವರಿಂದ ಕಲಿಯಲೆಂದು ನಾವು ಹಾರೈಸುತ್ತೇವೆ.