ಒಂದೇ ಸ್ವರ ಇಳಿದಾಗ

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮೇಜರ್‌ನಿಂದ ಮೈನರ್‌ಗೆ ಹೊರಳುವುದನ್ನು ಸ್ಪಷ್ಟವಾಗಿ ಕೇಳಬಹುದಾದ ಕೃತಿ ಯಾವುದು?

ಉತ್ತರ: ಗುಸ್ತಾವ್ ಮಾಹ್ಲರ್ 1903-04ರಲ್ಲಿ ರಚಿಸಿದ ಆರನೇ ಸಿಂಫೊನಿ. 1906ರಲ್ಲಿ ಜರ್ಮನಿಯ ಎಸೆನ್‌ನಲ್ಲಿ ಅವರೇ ಅದರ ಮೊದಲ ಪ್ರದರ್ಶನವನ್ನು ನಡೆಸಿಕೊಟ್ಟರು. ಮೊದಲ ಭಾಗದಲ್ಲೇ ಟಿಂಪನಿಯ ಬಿರುಸು ಹೊಡೆತಗಳ ಮೇಲೆ ಟ್ರಂಪೆಟ್‌ಗಳು ಎ ಮೇಜರ್ ಸ್ವರಗುಚ್ಛವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಹಿಡಿದಿರುವಂತೆಯೇ ಅದು ಎ ಮೈನರ್ ಆಗಿ, ದನಿ ಕುಗ್ಗಿ ಆರಿಹೋಗುತ್ತದೆ. ಬೆಳಗುತ್ತಿದ್ದ ಅಂಗಳಕ್ಕೆ ಮೋಡ ಕವಿದ ಹಾಗೆ!

ಬದಲಾಗುವುದು ಒಂದೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ ಅಲುಗುವುದಿಲ್ಲ; ಅಂತರ ಗಾಂಧಾರ ಇಳಿದು ಸಾಧಾರಣ ಗಾಂಧಾರವಾಗುತ್ತದೆ, ಅಷ್ಟೇ. ಹಾರ್ಮೋನಿಯಂನಲ್ಲಿ ಸ-ಗ-ಪ ಒಟ್ಟಿಗೆ ಒತ್ತಿ, ನಡುವಿನ ಬೆರಳನ್ನು ಮಾತ್ರ ಪಕ್ಕದ ತಗ್ಗಿನ ಕೀಗೆ ಸರಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಶೂಬರ್ಟ್ ಇದನ್ನು ಮೊದಲೇ ಮಾಡಿದ್ದರು. 1826ರ ಅವರ ಜಿ ಮೇಜರ್ ಕ್ವಾರ್ಟೆಟ್ ಇಂಥದೇ ಹೊರಳಿನಿಂದ ಶುರುವಾಗುತ್ತದೆ. ಆದರೂ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಮಾಹ್ಲರ್. ಅವರ ಸಿಂಫೊನಿಯ ಕೊನೆಯಲ್ಲಿ ಮೇಜರ್ ಬರುವುದೇ ಇಲ್ಲ. ನೇರವಾಗಿ ಮೈನರ್ ಬಂದೆರಗುತ್ತದೆ.